ಅಮ್ಮನ ಪಾಲಿನ ಅರ್ಧ ನಿಮಿಷ

ಆಗ ನಮ್ಮ ಮನೆಯಲ್ಲಿ ಯಾವುದೂ ಸುಮ್ಮಸುಮ್ಮನೆ ತೀರ್ಮಾನವಾಗುತ್ತಿರಲಿಲ್ಲ. ಹಳೆಯ ಫ್ರಿಜ್ಜನ್ನು ರಿಪೇರಿ ಮಾಡಿಸುವುದೋ ಹೊಸದು ತರುವುದೋ, ಬೇಸಿಗೆ ರಜೆಗೆ ಊಟಿಯೋ ಅತ್ತೆಯ ಮನೆಯೋ, ಭಾನುವಾರಕ್ಕೆ ದೋಸೆಯೋ ಅಕ್ಕಿರೊಟ್ಟಿಯೋ, ಎಲ್ಲಕ್ಕೂ ಚರ್ಚೆ ನಡೆಯಬೇಕಿತ್ತು. ಜಗಳ ಅಂದುಕೊಳ್ಳಬೇಡಿ. ಜಗಳಕ್ಕೆ ನಿಯಮ ಇರುವುದಿಲ್ಲ, ನಮ್ಮದಕ್ಕೆ ಇತ್ತು.

ನಿಯಮಗಳು ತಾತನವು. ಅಪ್ಪನ ಅಪ್ಪ. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ನೌಕರಿಯುದ್ದಕ್ಕೂ ಮಕ್ಕಳನ್ನು ಚರ್ಚಾಸ್ಪರ್ಧೆಗಳಿಗೆ ತಯಾರು ಮಾಡಿದವರು. ನಿವೃತ್ತರಾದ ಮೇಲೆ ಅವರಿಗೆ ಉಳಿದದ್ದು ಪದ್ಮನಾಭನಗರದ ನಮ್ಮ ಮೊದಲ ಮಹಡಿಯ ಮನೆಯ ಮುಂದಿನ ಕೋಣೆ ಮತ್ತು ನಾನು. ಅವರು ಹಾಳೆ ಹರಿದು ಎರಡು ಚೀಟಿ ಮಾಡುತ್ತಿದ್ದರು. ಒಂದರಲ್ಲಿ ‘ಪರ’, ಇನ್ನೊಂದರಲ್ಲಿ ‘ವಿರೋಧ’. ಯಾರಿಗೆ ಯಾವುದು ಬಂದರೆ ಅದೇ ಅವರ ಪಕ್ಷ. ದೋಸೆ ಬೇಕು ಅನ್ನುವವಳು ರೊಟ್ಟಿಯ ಪರ ಮಾತಾಡಬೇಕಾಗಬಹುದು. ಅದೇ ಅದರ ಗಮ್ಮತ್ತು. “ಚೀಟಿ ತೆಗೆದ ಮೇಲೆ ನಿನಗೇನನ್ಸತ್ತೆ ಅನ್ನೋದು ಬೇಡ ಕಣೆ ವಕೀಲಮ್ಮ. ಪಕ್ಷ ಏನನ್ನತ್ತೆ, ಅದನ್ನ ಹೇಳು” ಎನ್ನುತ್ತಿದ್ದರು ತಾತ. ನನಗೆ ಹನ್ನೆರಡು ವರ್ಷ. ಅಂತರಶಾಲಾ ಸ್ಪರ್ಧೆಗಳಲ್ಲಿ ಗೆದ್ದ ಸ್ಟೀಲ್ ಲೋಟಗಳು, ಪ್ಲಾಸ್ಟಿಕ್ ಕಪ್ಪುಗಳು ಟೀವಿಯ ಮೇಲೆ ಸಾಲಾಗಿ ಕೂತಿದ್ದವು.

ಒಬ್ಬೊಬ್ಬರಿಗೆ ಮೂರು ನಿಮಿಷ. ಎರಡೂವರೆ ನಿಮಿಷಕ್ಕೆ ಒಂದು ಬೆಲ್, ಮೂರಕ್ಕೆ ಎರಡು. ಬೆಲ್ ಎಂದರೆ ದೇವರಮನೆಯ ಹಿತ್ತಾಳೆ ಗಂಟೆ. ಅದನ್ನು ಹೊಡೆಯುವವಳು ನನ್ನ ತಂಗಿ ಪುಟ್ಟಿ, ನಾಲ್ಕೂವರೆ ವರ್ಷದವಳು. ಅವಳಿಗೆ ಗಡಿಯಾರ ನೋಡಲು ಎಲ್ಲಿ ಬರಬೇಕು? ತಾತ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಮ್ಮ ಕೈಗಡಿಯಾರ ನೋಡಿ, ಸಮಯವಾದಾಗ ಅವಳ ಬೆನ್ನು ತಟ್ಟುತ್ತಿದ್ದರು. ತಟ್ಟಿದರೆ ಹೊಡೆಯಬೇಕು. ಹೊಡೆದ ಮೇಲೆ ಅವಳು ಗಂಟೆಯನ್ನು ಕಿವಿಗೆ ಒತ್ತಿಕೊಂಡು, ಒಳಗಿನ ಗುಂಯ್ ಅನ್ನುವ ಸದ್ದು ಪೂರ್ತಿ ಆರುವವರೆಗೂ ಕಣ್ಣು ಮುಚ್ಚಿ ಕೂರುತ್ತಿದ್ದಳು. ಮುಂದಿನವರು ಅಲ್ಲಿಯತನಕ ಕಾಯಬೇಕು. ಅದೂ ನಿಯಮವೇ.

ಕೆಳಗಿನ ಮನೆಯಲ್ಲಿ ಟ್ಯೂಷನ್ ನಡೆಯುತ್ತಿತ್ತು. ಮಕ್ಕಳು ಮಗ್ಗಿ ಕೂಗುವ ಗಲಾಟೆಗೆ ನಾವು ಮುಂದಿನ ಕೋಣೆಯ ಕಿಟಕಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆವು. ಒಳಗೆ ವಿಕ್ಸ್ ವಾಸನೆ, ತಾತನ ಶುಂಠಿ ಕಷಾಯದ ವಾಸನೆ, ಬೇಕರಿಯಿಂದ ತಂದ ದಿಲ್‌ಪಸಂದಿನ ಬೆಣ್ಣೆ ವಾಸನೆ. ಗೆದ್ದವರಿಗೆ ದಿಲ್‌ಪಸಂದಿನ ದೊಡ್ಡ ತುಂಡು. ಆ ಜೂನ್‌ನಿಂದ ಆ ಕೋಣೆಯಲ್ಲಿ ಇನ್ನೊಂದು ಸದ್ದೂ ಇತ್ತು, ತಾತನ ಕೆಮ್ಮು.

ಮೆಟ್ರೊ ಕೆಲಸದ ಧೂಳು ಅಂದೆವು. ಒಗ್ಗರಣೆ ಘಾಟು ಅಂದೆವು. ಆಗಸ್ಟಿನಲ್ಲಿ ಕಫ ಪರೀಕ್ಷೆ ಮಾಡಿಸಿದಾಗ ಟಿಬಿ ಎಂದು ಗೊತ್ತಾಯಿತು. ಆ ಪದವನ್ನು ಮನೆಯಲ್ಲಿ ಯಾರೂ ಜೋರಾಗಿ ಹೇಳಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಹಳೆಯ ಶಿಷ್ಯರು ಯಾರಾದರೂ ಕಂಡಾರು ಎಂದು ತಾತ ಕೊಡೆ ಹಿಡಿದು, ಬಸ್ ಹತ್ತಿ, ಉತ್ತರಹಳ್ಳಿ ಕಡೆಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾತ್ರೆ ನುಂಗಿ ಬರುತ್ತಿದ್ದರು. ಕೇಳಿದವರಿಗೆ “ಲೈಬ್ರರಿಗೆ” ಎನ್ನುತ್ತಿದ್ದರು. ವಾರಕ್ಕೆ ಮೂರು ದಿನ ಲೈಬ್ರರಿಗೆ ಹೋಗಿ ಒಂದು ಪುಸ್ತಕವನ್ನೂ ತಾರದ ಮನುಷ್ಯನನ್ನು ಬೀದಿಯಲ್ಲಿ ಯಾರೂ ಅನುಮಾನಿಸಲಿಲ್ಲ. ಹೆಡ್‌ಮಾಸ್ಟರಲ್ಲವೇ.

ಆರೋಗ್ಯ ಕೇಂದ್ರದವರು ವಿಳಾಸ ಬರೆದುಕೊಂಡಿದ್ದರು. ಒಂದು ಶನಿವಾರ ಮಧ್ಯಾಹ್ನ ಗುಲಾಬಿ ಬಣ್ಣದ ಸೀರೆಯ ಆಶಾ ಕಾರ್ಯಕರ್ತೆಯೊಬ್ಬರು ಮೆಟ್ಟಿಲು ಹತ್ತಿ ಬಂದರು. ಹೆಸರು ಮಂಜುಳಾ ಅಂದರು. ಚಪ್ಪಲಿ ಹೊರಗೆ ಬಿಟ್ಟು, ಅಮ್ಮ ಕೊಟ್ಟ ನೀರು ಕುಡಿದು, ಕುರ್ಚಿಯ ತುದಿಯಲ್ಲಿ ಕೂತರು.

“ಮನೇಲಿ ಚಿಕ್ಕ ಮಕ್ಳಿದಾರಾ ಮೇಡಂ? ಆರು ವರ್ಷದೊಳಗೆ?”

“ಒಬ್ಳಿದಾಳೆ” ಎಂದಳು ಅಮ್ಮ.

“ತಾತನ ಹತ್ರ ಹೋಗ್ತಿರ್ತಾಳಾ?”

ಪುಟ್ಟಿ ತಾತನ ತೊಡೆಯ ಮೇಲಿಂದಲೇ ಉತ್ತರ ಕೊಟ್ಟಳು. “ನಾನೇ ಬೆಲ್ ಹೊಡ್ಯೋದು!”

ಮಂಜುಳಾ ನಕ್ಕರು. ಆಮೇಲೆ ನಗು ನಿಲ್ಲಿಸಿ ಅಮ್ಮನ ಕಡೆ ತಿರುಗಿದರು. “ಒಂದ್ಸಲ ಕರ್ಕೊಂಡ್ ಬನ್ನಿ ಮೇಡಂ. ತೂಕ ನೋಡ್ತಾರೆ, ಎಕ್ಸ್‌ರೇ ತೆಗೀತಾರೆ. ಏನೂ ಇಲ್ಲ ಅಂದ್ರೂ ಆರು ತಿಂಗಳು ಒಂದು ಮಾತ್ರೆ ಕೊಡ್ತಾರೆ, ಬರದೇ ಇರ್ಲಿ ಅಂತ. ಇಷ್ಟು ಚಿಕ್ಕೋರಿಗೆ ಬಂದ್ರೆ ಒಂದೊಂದ್ಸಲ ತಲೆಗೇ ಹೋಗ್ಬಿಡತ್ತೆ.”

ನಾನು ಪುಸ್ತಕದ ಹಿಂದಿನಿಂದ ತಲೆಯೆತ್ತಿದೆ. “ಏನೂ ಇಲ್ಲ ಅಂದ್ಮೇಲೆ ಮಾತ್ರೆ ಯಾಕೆ ಆಂಟಿ?”

ಅವರು ಉತ್ತರ ಹುಡುಕುವಷ್ಟರಲ್ಲಿ ತಾತ ನನ್ನನ್ನು ನೋಡಿದರು. ಆ ನೋಟ ನನಗೆ ಗೊತ್ತಿತ್ತು. ಒಳ್ಳೆಯ ವಿಷಯ ಸಿಕ್ಕಿತು ಎನ್ನುವ ನೋಟ. “ನಾವು ಕೂತು ಮಾತಾಡಿ ಹೇಳ್ತೀವಮ್ಮ” ಎಂದು ಅವರನ್ನು ಕಳಿಸಿಕೊಟ್ಟರು.

ಮರುದಿನ ಭಾನುವಾರ, ತಿಂಡಿಯಾದ ಮೇಲೆ, ನಾವು ಕೂತು ಮಾತಾಡಿದೆವು. ವಿಷಯ: ಪುಟ್ಟಿಯನ್ನು ತಪಾಸಣೆಗೆ ಕರೆದೊಯ್ದು ಮಾತ್ರೆ ಶುರು ಮಾಡಬೇಕು.

ನಾಲ್ಕು ಜನ ಓದಿದವರು. ಅಪ್ಪ ಬ್ಯಾಂಕಿನಲ್ಲಿ, ಅಮ್ಮ ಎಂ.ಎ., ತಾತ ಹೆಡ್‌ಮಾಸ್ಟರು, ನಾನು ಶಾಲೆಗೇ ಮೊದಲ ಸ್ಥಾನದವಳು. ಒಂದು ಮಗುವಿಗೆ ಮಾತ್ರೆ ಕೊಡಬೇಕೋ ಬೇಡವೋ ಎಂದು ನಾವು ಚೀಟಿ ಎತ್ತಿದೆವು.

ನನಗೆ ‘ವಿರೋಧ’ ಬಂತು.

ದೊಡ್ಡವಳಾದ ಮೇಲೆ ಒಂದು ಸಂಶಯವನ್ನು ಎಷ್ಟೋ ದಿನ ಸಾಕಿಕೊಂಡಿದ್ದೆ. ತಾತ ಎರಡೂ ಚೀಟಿಯಲ್ಲಿ ‘ವಿರೋಧ’ ಎಂದೇ ಬರೆದಿದ್ದರೇನೋ, ಚೆನ್ನಾಗಿ ಮಾತಾಡುವವಳಿಗೆ ಬೇಕೆಂದೇ ಆ ಪಕ್ಷ ಕೊಟ್ಟರೇನೋ ಎಂದು. ಹಾಗಾಗಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು! ಆದರೆ ಇಲ್ಲ. ಅಮ್ಮ ತನ್ನ ಚೀಟಿ ಬಿಡಿಸಿ ಟೀಪಾಯ್ ಮೇಲೆ ಇಟ್ಟಳು, ನಾನೇ ಓದಿದೆ. ‘ಪರ’. ಮೋಸ ಯಾರೂ ಮಾಡಲಿಲ್ಲ. ಎಲ್ಲವೂ ನಿಯಮದಂತೆಯೇ ನಡೆಯಿತು.

ಮೊದಲು ಅಮ್ಮ. ಮನೆಯ ಚರ್ಚೆಗಳಲ್ಲಿ ಅಮ್ಮ ಯಾವಾಗಲೂ ಸೋಲುತ್ತಿದ್ದಳು. ಅವಳ ಒಂದು ಕಿವಿ ಅಡುಗೆಮನೆಯ ಕಡೆಗೇ ಇರುತ್ತಿತ್ತು. ಅವತ್ತೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಳು.

“ಅವಳಿನ್ನೂ ಚಿಕ್ಕೋಳು. ದಿನಾ ಮಾವನ ತೊಡೆ ಮೇಲೇ ಕೂತಿರ್ತಾಳೆ. ಈ ರೂಮಿನ ಕಿಟಕಿ ತೆಗೆಯೋದೇ ಇಲ್ಲ.” ತಾತನನ್ನು ನೋಡಲಾಗದೆ ಬಹಳ ಹೊತ್ತು ಗೋಡೆ ನೋಡುತ್ತ ನಿಂತಳು. ಸೊಸೆ ಮಾವನ ಕಾಯಿಲೆಯ ಬಗ್ಗೆ ಮಾವನ ಎದುರಿಗೇ ಮಾತಾಡಬೇಕಿತ್ತು. ಇಷ್ಟು ಸರಳವಾದದ್ದು ಆಗ ನನಗೆ ಹೊಳೆಯಲಿಲ್ಲ. “ಆಯಮ್ಮ ಸುಮ್ಸುಮ್ನೆ ಮನೆ ತನಕ ಬರ್ತಿರ್ಲಿಲ್ಲ. ನಂಗೆ... ನಂಗೆ ಭಯ ಆಗತ್ತೆ ಮಾವ.”

ಮತ್ತೆ ಗೋಡೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ತಾತ ಪುಟ್ಟಿಯ ಬೆನ್ನು ತಟ್ಟಿದರು. ಮೊದಲ ಬೆಲ್ ಹೊಡೆಯಿತು. ಅಮ್ಮ ಬೆಚ್ಚಿಬಿದ್ದಳು. ಒಳಗೆ ಕುಕ್ಕರೂ ಕೂಗಿತು.

“ಅಷ್ಟೇ” ಎಂದು ಕೂತಳು.

ಇನ್ನು ನನ್ನ ಸರದಿ. ಹೇಗೆ ಮಾತಾಡಿದೆ ಎಂದು ಕೇಳುತ್ತೀರಾ? ಸಖತ್ತಾಗಿ ಮಾತಾಡಿದೆ. ಅದಕ್ಕಿಂತ ಚೆನ್ನಾಗಿ ನಾನು ಯಾವ ವೇದಿಕೆಯ ಮೇಲೂ ಮಾತಾಡಿಲ್ಲ.

“ಮಾನ್ಯ ತೀರ್ಪುಗಾರರೇ, ನನ್ನ ಎದುರಾಳಿಗೆ ಭಯ ಆಗತ್ತಂತೆ. ಭಯ ಸಾಕ್ಷಿ ಅಲ್ಲ. ಪುಟ್ಟಿಗೆ ಕೆಮ್ಮಿದೆಯಾ? ಇಲ್ಲ. ಜ್ವರ ಇದೆಯಾ? ಇಲ್ಲ. ಕಾಯಿಲೆ ಇಲ್ಲದೋರಿಗೆ ಆರು ತಿಂಗಳು ಔಷಧಿ ಕೊಡೋದು, ಮಳೆ ಬರದೇ ಇರುವಾಗ ಮನೆಯೊಳಗೆ ಕೊಡೆ ಹಿಡಿದು ಕೂತ ಹಾಗೆ. ಆ ಮಾತ್ರೆಯಿಂದ ಲಿವರಿಗೆ ತೊಂದರೆ ಆಗಬಹುದು ಅಂತ ಪೇಪರಲ್ಲಿ ಬಂದಿದೆ.” ಪೇಪರಲ್ಲಿ ಬಂದದ್ದು ಬೇರಾವುದೋ ಮಾತ್ರೆಯ ಬಗ್ಗೆ. ಯಾರೂ ಪರೀಕ್ಷಿಸಲಿಲ್ಲ. ಕೊನೆಗೆ ನನ್ನ ಬ್ರಹ್ಮಾಸ್ತ್ರ ತೆಗೆದೆ. ಪುಟ್ಟಿಯ ಫ್ರಾಕಿನ ಎಡತೋಳನ್ನು ಮೇಲಕ್ಕೆ ಸರಿಸಿ, ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆಯ ಗುಂಡನೆಯ ಕಲೆ ತೋರಿಸಿದೆ. “ಇದು ಟಿಬಿ ಬರಬಾರದು ಅಂತ ಹಾಕಿದ ಲಸಿಕೆ. ಸಾಕ್ಷಿ ಇಲ್ಲೇ ಇದೆ. ಇನ್ನೇನು ಬೇಕು?”

ಆ ಲಸಿಕೆ ಒಂದಿಷ್ಟು ಕಾಪಾಡುತ್ತದೆ, ಎಲ್ಲರನ್ನೂ ಕಾಪಾಡುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಆ ರೋಗ ಕೆಮ್ಮದೆಯೇ ಬರಬಹುದು. ಇದೆಲ್ಲ ಗೊತ್ತಿದ್ದ ಒಬ್ಬರನ್ನು ನಾವು ಹಿಂದಿನ ದಿನವಷ್ಟೇ ನೀರು ಕೊಟ್ಟು ಕಳಿಸಿದ್ದೆವು.

ಅಪ್ಪ ಪೇಪರ್ ಮಡಿಸಿ ಚಪ್ಪಾಳೆ ತಟ್ಟಿದರು. ಪುಟ್ಟಿ ಎರಡು ಬೆಲ್ ಹೊಡೆದು ಗಂಟೆಯನ್ನು ಕಿವಿಗೆ ಒತ್ತಿಕೊಂಡಳು. ಸದ್ದು ಆರುವವರೆಗೂ ನಾವೆಲ್ಲ ಕಾದೆವು. ಆಮೇಲೆ ತಾತ ಕೆಮ್ಮಿ, ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ಹೇಳಿದರು: “ಒಂದು ಕಡೆ ಭಾವನೆ, ಒಂದು ಕಡೆ ಆಧಾರ. ವಿರೋಧ ಪಕ್ಷ ಗೆದ್ದಿದೆ.”

ರೋಗಿಯೇ ತೀರ್ಪುಗಾರ. ತನ್ನಿಂದ ಮೊಮ್ಮಗಳಿಗೆ ಏನಾದರೂ ಆದೀತು ಎಂದು ಯಾವ ತಾತ ತೀರ್ಪು ಕೊಡುತ್ತಾರೆ? ಯಾವ ಸ್ಪರ್ಧೆಯಲ್ಲಾದರೂ ನಾನು ಎದ್ದು ನಿಂತು ಈ ಆಕ್ಷೇಪ ಎತ್ತುತ್ತಿದ್ದೆ. ಅವತ್ತು ಎತ್ತಲಿಲ್ಲ, ತೀರ್ಪು ನನ್ನ ಕಡೆಗಿತ್ತು. ದಿಲ್‌ಪಸಂದಿನ ದೊಡ್ಡ ತುಂಡು ತಿಂದೆ. ಅಮ್ಮ ಬೇಡ ಅಂದಳು, ಸಿಹಿ ಜಾಸ್ತಿ ಅಂತೆ.

ಬುಧವಾರ ಮಂಜುಳಾ ಮತ್ತೆ ಬಂದರು. ತಾತ ಬಾಗಿಲಲ್ಲೇ ನಿಂತು, “ಕೂಲಂಕಷವಾಗಿ ಚರ್ಚೆ ಮಾಡಿದ್ವಮ್ಮ. ಅಗತ್ಯ ಕಾಣಿಸ್ಲಿಲ್ಲ” ಎಂದರು. ಅವರು ವಾದಿಸಲಿಲ್ಲ. ಪುಟ್ಟಿಯನ್ನು ಎರಡೂ ಕಂಕುಳಲ್ಲಿ ಹಿಡಿದು ಎತ್ತಿ, ಒಂದು ಕ್ಷಣ ಹಾಗೇ ಹಿಡಿದುಕೊಂಡು ಕೆಳಗಿಳಿಸಿದರು. “ತಿಂಗಳಿಗೊಂದ್ಸಲ ತೂಕ ಆದ್ರೂ ನೋಡಿ ಮೇಡಂ” ಎಂದು ಅಮ್ಮನಿಗೆ ಹೇಳಿ ಮೆಟ್ಟಿಲಿಳಿದರು. ನಾನು ಒಳಗಿನಿಂದ “ಪಾಯಿಂಟೇ ಇರ್ಲಿಲ್ಲ ಅವ್ರ ಹತ್ರ” ಅಂದೆ. ತಾತ ನಕ್ಕರು.

ದಸರಾ ಬಂತು. ಹಿಂದಿನ ವರ್ಷ ಬೀದಿಯ ಅಷ್ಟೂ ಮನೆಗಳ ಗೊಂಬೆ ಮುಂದೆ ಹಾಡು ಹೇಳಿ, ಚರ್ಪಿನ ತಿಂಡಿ ಇಸ್ಕೊಂಡು ಬಂದಿದ್ದ ಪುಟ್ಟಿ ಈ ಸಲ ನಮ್ಮದೇ ಮನೆಯ ಗೊಂಬೆ ಮೆಟ್ಟಿಲಿನ ಪಕ್ಕ ಚಾಪೆಯ ಮೇಲೆ ಮಲಗಿಬಿಡುತ್ತಿದ್ದಳು. ಕಾರಣವಿಲ್ಲದೆ ಅಳು. ಸಣ್ಣಗೆ ಮೈ ಬಿಸಿ. ಬೆಳಿಗ್ಗೆ ಎದ್ದ ತಕ್ಷಣ ವಾಂತಿ. ಮೂಲೆಯ ಕ್ಲಿನಿಕ್ಕಿನವರು ವೈರಲ್ ಅಂದರು, ಸಿರಪ್ ಕೊಟ್ಟರು. ಮನೆಯಲ್ಲೊಬ್ಬರಿಗೆ ಟಿಬಿ ಇದೆ ಎಂದು ನಾವು ಅವರಿಗೆ ಹೇಳಿರಲಿಲ್ಲ. ಅವರು ಕೇಳಿರಲಿಲ್ಲ, ನಾವು ಹೇಳಿರಲಿಲ್ಲ. ವಾದಕ್ಕೆ ಬೇಕಾದರೆ ಇಬ್ಬರದೂ ಸಮ.

ಒಂದು ಬೆಳಿಗ್ಗೆ ನಾನು ಜಡೆ ಹಾಕಿಸಿಕೊಳ್ಳುತ್ತಿದ್ದೆ. ಪುಟ್ಟಿ ಎದುರಿಗೆ ಗೋಡೆಗೊರಗಿ ಕೂತಿದ್ದಳು. ಇದ್ದಕ್ಕಿದ್ದಂತೆ ಅವಳ ಎಡಗಣ್ಣು ಮೂಗಿನ ಕಡೆ ತಿರುಗಿತು. ನನಗೆ ನಗು ಬಂತು. ಮೆಳ್ಳೆಗಣ್ಣು ಮಾಡಿ ನನ್ನನ್ನು ನಗಿಸುತ್ತಿದ್ದಾಳೆ ಅಂದುಕೊಂಡೆ.

“ಅಯ್ಯೋ ಪುಟ್ಟಿ, ಇನ್ನೊಂದ್ಸಲ ಮಾಡೇ!” ಅಂದೆ.

ನನ್ನ ತಲೆಯ ಹಿಂದೆ ಅಮ್ಮನ ಕೈ ನಿಂತಿತು. ಬಾಚಣಿಗೆ ನನ್ನ ಕೂದಲಲ್ಲೇ ಸಿಕ್ಕಿಕೊಂಡಿತ್ತು. ಅವಳು ಮಗುವನ್ನು ಎತ್ತಿಕೊಂಡು, ಚಪ್ಪಲಿಯನ್ನೂ ಹಾಕಿಕೊಳ್ಳದೆ, ಮೆಟ್ಟಿಲಿಳಿದು ಆಟೊ ನಿಲ್ಲಿಸಿದಳು. ಅರ್ಧ ಜಡೆಯಲ್ಲೇ ನಾನೂ ಓಡಿದೆ. ಹಿಂದೆ ತಾತ.

ದೊಡ್ಡಾಸ್ಪತ್ರೆಯ ಮಕ್ಕಳ ವಿಭಾಗದ ಡಾಕ್ಟರಮ್ಮ ಅಪ್ಪನಿಗಿಂತ ಚಿಕ್ಕವರು. ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಕತ್ತು ಬಗ್ಗಿಸಲು ನೋಡಿದರು. ಕತ್ತು ಬಗ್ಗಲಿಲ್ಲ.

“ಮನೇಲಿ ಯಾರಿಗಾದ್ರೂ ಟಿಬಿ ಇದ್ಯಾ?”

ಅಮ್ಮ ತಾತನ ಕಡೆ ನೋಡಿದಳು. ಆಮೇಲೆ ತಾತ, ಶಾಲೆಯಲ್ಲಿ ಹಾಜರಿ ಹೇಳುವ ಹುಡುಗನ ಹಾಗೆ, “ನನಗೆ” ಅಂದರು.

“ಮನೆಗೆ ಯಾರೂ ಬರ್ಲಿಲ್ವಾ? ಮಗುಗೆ ಮುಂಚೇನೇ ಮಾತ್ರೆ ಕೊಡ್ಬೇಕು ಅಂತ ಹೇಳ್ಲಿಲ್ವಾ?”

“ಹೇಳಿದ್ರು” ಎಂದಳು ಅಮ್ಮ.

“ಮತ್ತೆ?”

ಅಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಮನೇಲಿ ಡಿಬೇಟ್ ಮಾಡಿದ್ವಿ ಮೇಡಂ.”

“ಏನ್ ಮಾಡಿದ್ರಿ?”

“ಡಿಬೇಟು. ಕೊಡ್ಬೇಕೋ ಬೇಡ್ವೋ ಅಂತ.”

ಡಾಕ್ಟರು ಅಮ್ಮನನ್ನು ನೋಡಿದರು, ತಾತನನ್ನು ನೋಡಿದರು, ಅರ್ಧ ಜಡೆಯ ನನ್ನನ್ನೂ ನೋಡಿದರು. ಏನೋ ಹೇಳಲು ಹೊರಟು, ಹೇಳದೆ, ನರ್ಸನ್ನು ಕೂಗಿದರು. ಬೈದಿದ್ದರೆ ನಾನು ಬಹುಶಃ ಎದುರುತ್ತರ ಕೊಡುತ್ತಿದ್ದೆ. ನನ್ನ ಜೀವನದಲ್ಲಿ ಮೊದಲ ಸಲ, ಎದುರಾಳಿ ಒಂದು ಮಾತೂ ಆಡದೆ ನಾನು ಸೋತಿದ್ದೆ.

ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿದರು. ಟಿಬಿ ಮೆದುಳಿನ ಪೊರೆಗೆ ಹೋಗಿತ್ತು. ಉಳಿಯುತ್ತಾಳೋ ಇಲ್ಲವೋ ಎಂದು ಮೊದಲ ವಾರ ಯಾರೂ ಹೇಳಲಿಲ್ಲ. ಮೂರನೆಯ ವಾರ ಪುಟ್ಟಿ ಎದ್ದು ಕೂತಳು, ಇಡ್ಲಿ ಕೇಳಿದಳು. ವಾರ್ಡಿನಲ್ಲಿದ್ದ ಅಷ್ಟೂ ಅಮ್ಮಂದಿರಿಗೆ ನಮ್ಮಮ್ಮ ಅವತ್ತು ಇಡ್ಲಿ ಹಂಚಿದಳು.

ಆ ಮಧ್ಯಾಹ್ನ ತಾತ ಮನೆಯಿಂದ ಗಂಟೆ ತಂದಿದ್ದರು, ಕರವಸ್ತ್ರದಲ್ಲಿ ಸುತ್ತಿಕೊಂಡು. ಅಷ್ಟು ಹೊತ್ತಿಗೆ ಅವರ ಕೆಮ್ಮು ನಿಂತಿತ್ತು, ಮಾತ್ರೆ ಕೆಲಸ ಮಾಡಿತ್ತು. ಪುಟ್ಟಿ ಕಿಟಕಿಯ ಕಡೆ ಮುಖ ಮಾಡಿ ಪಾರಿವಾಳ ನೋಡುತ್ತಿದ್ದಳು. ತಾತ ಸದ್ದು ಮಾಡದೆ ಅವಳ ಬೆನ್ನ ಹಿಂದೆ ಹೋಗಿ, ನನಗೆ ಕಣ್ಣು ಮಿಟುಕಿಸಿ, ಗಂಟೆ ಹೊಡೆದರು.

ಪಕ್ಕದ ಮಂಚದ ಮಗು ತಿರುಗಿತು. ಅದರಾಚೆಯದೂ ತಿರುಗಿತು. ಬಾಗಿಲಲ್ಲಿದ್ದ ಆಯಾ “ಯಾರ್ರೀ ಅದು?” ಅಂದರು.

ಪುಟ್ಟಿ ಪಾರಿವಾಳ ನೋಡುತ್ತಲೇ ಇದ್ದಳು.

ತಾತ ಇನ್ನೊಮ್ಮೆ ಹೊಡೆದರು, ಜೋರಾಗಿ. ಮತ್ತೊಮ್ಮೆ. ನಾನು ಹೋಗಿ ಅವರ ಕೈ ಹಿಡಿದುಕೊಂಡೆ. ಗಂಟೆ ನಮ್ಮಿಬ್ಬರ ಕೈಯೊಳಗೆ ಗುಂಯ್ ಅನ್ನುತ್ತಿತ್ತು.

ಈಗ ಪುಟ್ಟಿಗೆ ಹದಿನೈದು. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಗೆ ಮಿಷನ್ ಹಾಕಿದರೆ ಅಷ್ಟಿಷ್ಟು ಕೇಳುತ್ತದೆ. ಉಳಿದದ್ದನ್ನು ತುಟಿ ನೋಡಿ ಹಿಡಿಯುತ್ತಾಳೆ. ನನ್ನ ತುಟಿ ಓದುವುದು ಮಾತ್ರ ಅವಳಿಗೆ ಕಷ್ಟ. “ನಿಧಾನ ಕಣೇ ಅಕ್ಕ, ನಿನ್ ಬಾಯಿ ಅಲ್ಲ, ಮಿಕ್ಸಿ” ಎನ್ನುತ್ತಾಳೆ. ಅವಳಿಗೋಸ್ಕರ ನಾನು ನಿಧಾನವಾಗಿ ಮಾತಾಡುವುದನ್ನು ಕಲಿತೆ. ತಾತ ಆಮೇಲೆ ನಾಲ್ಕು ವರ್ಷ ಬದುಕಿದ್ದರು. ಮತ್ತೆ ಎಂದೂ ಚೀಟಿ ಬರೆಯಲಿಲ್ಲ. ಒಮ್ಮೆ ಮಾತ್ರ, “ನಿಂದೇನೂ ತಪ್ಪಿಲ್ಲ ಕಣೆ, ತೀರ್ಪು ಕೊಟ್ಟೋನು ನಾನು” ಅಂದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಈಗ ನಮ್ಮ ಮನೆಯಲ್ಲಿ ದೋಸೆಯೋ ರೊಟ್ಟಿಯೋ ಎಂದು ಯಾರೂ ಕೇಳುವುದಿಲ್ಲ. ಅಮ್ಮ ಮಾಡಿದ್ದನ್ನು ತಿನ್ನುತ್ತೇವೆ. ಮನೆ ತುಂಬ ಶಾಂತವಾಗಿದೆ. ಈ ಶಾಂತಿಯನ್ನು ಹೊಗಳುವವರನ್ನು ಕಂಡರೆ ನನಗಾಗುವುದಿಲ್ಲ.

ಮೊನ್ನೆ ಯಾವುದೋ ಲೇಖನ ಓದುತ್ತಿದ್ದೆ. ಯಾವ ಮಗುವಿಗೆ ಟಿಬಿ ಬರುವ ಅಪಾಯ ಹೆಚ್ಚು ಎಂದು ಕಂಪ್ಯೂಟರಿನಿಂದ ಮೊದಲೇ ಕಂಡುಹಿಡಿಯುವ ಪ್ರಯತ್ನಗಳ ಬಗ್ಗೆ. ನನ್ನ ಹುಟ್ಟುಗುಣ, ಅನುಮಾನದಿಂದಲೇ ಓದಿದೆ. ಏನನ್ನು ನೋಡಿ ಹೇಳುತ್ತದಂತೆ ಅದು? ಮಗುವಿನ ವಯಸ್ಸು. ಮನೆಯಲ್ಲಿ ಕೆಮ್ಮುವವರು ಯಾರು, ಮಗು ಅವರಿಗೆ ಎಷ್ಟು ಹತ್ತಿರ. ಗಾಳಿ ಆಡದ ಕೋಣೆ. ಮೈ ತೂಕ. ಈ ಮಾತು ನಾನು ಮೊದಲೇ ಕೇಳಿದ್ದೆ. ಅವಳಿನ್ನೂ ಚಿಕ್ಕೋಳು. ದಿನಾ ಮಾವನ ತೊಡೆ ಮೇಲೇ ಕೂತಿರ್ತಾಳೆ. ಈ ರೂಮಿನ ಕಿಟಕಿ ತೆಗೆಯೋದೇ ಇಲ್ಲ. ಭಯ ಸಾಕ್ಷಿ ಅಲ್ಲ ಎಂದಿದ್ದೆನಲ್ಲ? ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದ್ದಷ್ಟೂ ಸಾಕ್ಷಿಯೇ ಆಗಿತ್ತು. ನಾನು ಅದಕ್ಕೆ ಭಯ ಎಂದು ಹೆಸರಿಟ್ಟು ಹೊಡೆದುಹಾಕಿದ್ದೆ.

ಒಂದೇ ಒಂದು ವಿಷಯ ಮಾತ್ರ ಅವಳ ಮಾತಿನಲ್ಲಿ ಇರಲಿಲ್ಲ. ತೂಕ.

ಎದ್ದು ಅಡುಗೆಮನೆಗೆ ಹೋದೆ. ಅಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಪುಟ್ಟಿ ಎದುರಿಗೆ ಕೂತು ಹಿದುಕುತ್ತಿದ್ದಳು. ಮನೆಯೆಲ್ಲ ಅವರೆಯ ಸೊಗಡು.

“ಅಮ್ಮ, ಅವತ್ತು ಮೊದಲ್ನೇ ಬೆಲ್ಲಿಗೇ ನಿಲ್ಲಿಸ್ಬಿಟ್ಟೆ ನೀನು. ಇನ್ನೂ ಅರ್ಧ ನಿಮಿಷ ಇತ್ತು ನಿಂಗೆ.”

ಯಾವತ್ತು ಎಂದು ಅವಳು ಕೇಳಲಿಲ್ಲ.

“ಏನೋ ಹೇಳೋಕೆ ಬಾಯಿ ತೆಗೆದಿದ್ದೆ. ಏನದು?”

ಅಮ್ಮ ಕೈಯಲ್ಲಿದ್ದ ಕಾಯಿ ಬಿಡಿಸಿ ಕಾಳನ್ನು ಬಟ್ಟಲಿಗೆ ಹಾಕಿದಳು. “ಜೂನಲ್ಲಿ ಸ್ಕೂಲ್ ಶುರುವಾದಾಗ ಇವಳ ಸ್ಕರ್ಟು ಸಡಿಲ ಇತ್ತಲ್ಲ, ಬೆಳೀತಾಳೆ ಅಂತ ದೊಡ್ಡ ಸೈಜೇ ತಂದಿದ್ವಲ್ಲ. ಸೊಂಟಕ್ಕೆ ಪಿನ್ ಹಾಕ್ತಿದ್ದೆ. ಆಗಸ್ಟ್ ಹೊತ್ತಿಗೆ ಆ ಪಿನ್ನು ಎರಡು ಬೆರಳು ಒಳಗೆ ಹಾಕ್ಬೇಕಾಗ್ತಿತ್ತು.”

“ಮತ್ತೆ ಯಾಕಮ್ಮ ಹೇಳ್ಲಿಲ್ಲ?”

ಅವಳು ನನ್ನ ಮುಖ ನೋಡಿದಳು. ಬೈಗುಳ ಇರಲಿಲ್ಲ ಆ ನೋಟದಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

“ಪಿನ್ನಿನ ವಿಷ್ಯ ಎಲ್ಲಾ ಒಂದು ಪಾಯಿಂಟಾ ಅಂತ ನೀವೆಲ್ಲ ನಗ್ತೀರ ಅನ್ಕೊಂಡೆ.”

ಪುಟ್ಟಿ ನಮ್ಮಿಬ್ಬರ ತುಟಿಗಳನ್ನು ಒಂದಾದ ಮೇಲೊಂದು ನೋಡಿದಳು. “ಏನು? ಏನಂತೆ?” ಎಂದಳು.

ನಾನು ನಿಧಾನವಾಗಿ ಹೇಳಲು ಶುರು ಮಾಡಿದೆ.